ತುತ್ತೂರಿಯ ಹದಿನಾರು ಸಾಲು

ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಕ್ಕಳ ಬಾಯಲ್ಲೂ ಇದೆ. ಈಗ ಟೀವಿ, ಮೊಬೈಲಿನ ಕುಣಿಯುವ ಚಿತ್ರಗಳ ಜೊತೆ ಮತ್ತಷ್ಟು ಎಳೆಯ ಕಿವಿಗಳಿಗೆ ಬೀಳುತ್ತಿದೆ. ರಾಮನಗರದ ಕವಿಯ ಪದ್ಯವನ್ನು ಘಟಪ್ರಭೆಯ ದಂಡೆಯಲ್ಲಿ ಕೂತು ಓದಬೇಕೆಂಬುದು ನನ್ನ ಆಸೆ. ಸಾಲುಗಳು ಎಲ್ಲರಿಗೂ ಬಾಯಿಪಾಠ. ಅವನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ.

ಸಾಲು 1–2: ಆಟಿಕೆ ಬಂತು, ಅದರ ಒಡೆಯನೂ ಬಂದ. ತಗಡು, ಬಣ್ಣ, ಬೆಲೆ ಮೂರೂ ಇಲ್ಲೇ ತಿಳಿಯುತ್ತವೆ. ಅಪ್ಪ ಕೊಡಿಸಿದನೆಂದು ಕವಿ ಹೇಳುವುದಿಲ್ಲ, ಹುಡುಗ ಕಸ್ತೂರಿಯೇ ಕೊಂಡ. ಕಟ್ಟಿಗೆಯ ಬಣ್ಣದ ಹಣ್ಣು, ಗೊಂಬೆಗಳಿಗೆ ಹೆಸರಾದ ಗೋಕಾಕದ ಮಗುವಿಗೆ ಆಟಿಕೆಯ ಅರ್ಧ ಜೀವ ಬಣ್ಣದಲ್ಲಿದೆ ಎಂದು ಹೇಳಿಕೊಡಬೇಕಾಗಿಲ್ಲ. ಈ ಬಣ್ಣವನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಸಾಲು 3–4: ಪದ್ಯದ ಸೊಗಸೆಲ್ಲ ಇಲ್ಲಿದೆ. ಮೊದಲ ಸಾಲಿನಲ್ಲಿ ಸ್ವರಗಳು ಮೇಲೇರುತ್ತವೆ, ಎರಡನೆಯದರಲ್ಲಿ ಅದೇ ದಾರಿಯಲ್ಲಿ ಇಳಿಯುತ್ತವೆ. ನಾಲ್ಕು ಮಾತ್ರೆಯ ಗಣಕ್ಕೆ ನಾಲ್ಕು ಸ್ವರ ಸರಿಯಾಗಿ ಕೂತಿವೆ. ಹಾಗಾಗಿ ಪಾಠವೆಂದು ಗೊತ್ತಾಗುವ ಮೊದಲೇ ಮಗು ಆರೋಹಣ, ಅವರೋಹಣ ಎರಡನ್ನೂ ಕಲಿತಿರುತ್ತದೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಬೆಳೆಸಿದ ಸೀಮೆ ಮೂಡಲಗಿಯದು. ಅಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ಬಯಲಾಟದ ಪೇಟಿ ಕೇಳಿದ ಕೂಸಿಗೆ ಈ ಏರಿಳಿತ ಹೊಸದೇನೂ ಅಲ್ಲ.

ಸಾಲು 5–8: ನನಗಷ್ಟೇ ಇದೆ, ಮತ್ಯಾರಿಗೂ ಇಲ್ಲ ಎಂಬ ಗತ್ತು, ಆ ಗತ್ತಿನಲ್ಲೇ ಬೀದಿ ಸುತ್ತುವುದು. ಎರಡು ವರ್ಷದ ಮಗುವಿರುವ ಮನೆಗೆ ಇದರ ವಿವರಣೆ ಬೇಡ.

ಸಾಲು 9–10: ಸಂಜೆ, ಕೊಳ, ಹುಡುಗ ಒಬ್ಬನೇ. ಹತ್ತಿರ ದೊಡ್ಡವರಿಲ್ಲ.

ಸಾಲು 11–12: ತುತ್ತೂರಿ ನೀರಿಗೆ ಜಾರುತ್ತದೆ. ಯಾರೂ ನೂಕಲಿಲ್ಲ, ಅವನೂ ಎಸೆಯಲಿಲ್ಲ. ತಪ್ಪಿತಸ್ಥನಿಲ್ಲದ ನಷ್ಟ ಇದು. 2019ರ ಆಗಸ್ಟಿನಲ್ಲಿ ಗೋಕಾಕದ ಮನೆಗಳಿಗೆ ಹೊಳಿ ನುಗ್ಗಿತ್ತು. ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿದರೆ ಕೆಳಗಿನವರ ಎದೆ ನಡುಗುತ್ತದೆ. ನೀರು ಒಯ್ಯುತ್ತದೆ ಎಂಬುದು ಇಲ್ಲಿನ ಮಕ್ಕಳಿಗೆ ಬರೀ ಪದ್ಯದ ಮಾತಲ್ಲ.

ಸಾಲು 13–14: ನೀರಿಗೆ ಬಿದ್ದ ತುತ್ತೂರಿಯನ್ನೇ ಹುಡುಗ ಮತ್ತೆ ಊದುತ್ತಾನೆ. ಬರುವುದು ಗಕಾರ ಒಂದೇ, ನಾಲ್ಕು ಸಲ. ನೀರು ಹೊಕ್ಕ ಗಂಟಲಿನ ಸದ್ದು ಅದು, ಸಪ್ತಸ್ವರಗಳಲ್ಲೂ ಒಂದು. ಏಳರಲ್ಲಿ ಒಂದೇ ಉಳಿಯಿತು, ಅದೂ ಕೆಟ್ಟು ಉಳಿಯಿತು. ಮಕ್ಕಳು ಬಿದ್ದು ಬಿದ್ದು ನಗುವುದು ಇಲ್ಲೇ. ನಗುವಾಗಲೇ ಏನೋ ಹೋಯಿತೆಂದು ಅವಕ್ಕೆ ತಿಳಿದಿರುತ್ತದೆ. ಕನ್ನಡದ ಶಿಶುಗೀತೆಗಳಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿದ ಇನ್ನೊಂದು ಜಾಗ ನನಗೆ ನೆನಪಾಗುವುದಿಲ್ಲ.

ಸಾಲು 15–16: ಬಣ್ಣವೂ ಹೋಯಿತು, ಹುಡುಗನ ಗತ್ತು ಅಳುವಿನಲ್ಲಿ ಮುಗಿಯಿತು. ಹೊಸ ತುತ್ತೂರಿ ಸಿಗುವುದಿಲ್ಲ, ಅವ್ವ ಬಂದು ಕಣ್ಣೀರು ಒರೆಸುವುದಿಲ್ಲ. ಎಳೆಯರಿಗೆ ಇಷ್ಟು ದುಃಖ ಬೇಕೇ ಎಂದು ಕೇಳುವವರಿದ್ದಾರೆ. ಜಪಾನಿನ ಫ್ಯೂಜಿ ಟೀವಿಯ ಮಕ್ಕಳ ಕಾರ್ಯಕ್ರಮದಲ್ಲಿ 1975ರಲ್ಲಿ ಬಂದ ‘ಓಯೋಗೆ! ತೈಯಾಕಿ-ಕುನ್’ ಹಾಡಿನಲ್ಲಿ ಮೀನಿನಾಕಾರದ ಸಿಹಿ ತಿಂಡಿಯೊಂದು ಕಾವಲಿಯಿಂದ ತಪ್ಪಿಸಿಕೊಂಡು ಕಡಲಿಗೆ ಜಿಗಿಯುತ್ತದೆ. ಕಡೆಗೆ ಗಾಳಕ್ಕೆ ಸಿಕ್ಕು ತಿನ್ನುವವನ ಬಾಯಿ ಸೇರುತ್ತದೆ. ಆ ಹಾಡಿನ 45 ಲಕ್ಷಕ್ಕೂ ಹೆಚ್ಚು ಧ್ವನಿಮುದ್ರಿಕೆಗಳು ಮಾರಾಟವಾದವು. ದುಃಖಕ್ಕೆ ಮಕ್ಕಳು ಹೆದರುವುದಿಲ್ಲ, ಹೆದರುವವರು ನಾವು.

ಕೊನೆಯ ಸಾಲು ಹಾಡಿದ ಮೇಲೆ ಜಂಬ ಪಡಬಾರದೆಂದು ಬುದ್ಧಿ ಹೇಳಲು ಹೋಗಬೇಡಿ. ಅವ್ವಂದಿರೇ, ಅಂಗನವಾಡಿಯ ಟೀಚರುಗಳೇ, ಮೊಬೈಲು ಬದಿಗಿಟ್ಟು ಹದಿನಾರೂ ಸಾಲುಗಳನ್ನು ನಿಮ್ಮ ದನಿಯಲ್ಲೇ ಹಾಡಿ. ಮಗು ಮತ್ತೊಮ್ಮೆ ಎಂದರೆ ಮತ್ತೆ ಮೊದಲಿನಿಂದ ಹಾಡಿ.