ಅಗ್ಗದ ಟಿಕೆಟು, ತಾಯಿಯ ಪ್ರಯಾಣ

ಮಗಳ ಬಾಣಂತನಕ್ಕೆಂದು ಡೊಂಬಿವಲಿಯಿಂದಲೋ ಮುಲುಂಡಿನಿಂದಲೋ ಒಬ್ಬರೇ ಅಮೆರಿಕಕ್ಕೆ ಹೊರಡುವ ತಾಯಂದಿರು ನಮ್ಮಲ್ಲಿ ಈಗ ಅಪರೂಪವಲ್ಲ. ಆದರೆ ಅವರಿಗಾಗಿ ವಿದೇಶೀ ವಿಮಾನ ಸಂಸ್ಥೆಯನ್ನು ಆರಿಸುವ ನಮ್ಮ ಕ್ರಮ ಮಾತ್ರ ವಿಮರ್ಶೆಗೆ ತಕ್ಕುದಾಗಿದೆ. ನಾವು ನೋಡುವುದು ದರ ಮತ್ತು ಹೆಸರು, ಎರಡನ್ನೇ.

1948ರ ಜೂನ್ 8ರಂದು ಮುಂಬಯಿಯಿಂದ ಹೊರಟ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಕೈರೋ, ಜಿನೀವಾಗಳಲ್ಲಿ ಇಳಿದರೂ ಅದೇ ವಿಮಾನ ಲಂಡನ್ ಮುಟ್ಟಿತು. ಇಂದು ವಿದೇಶೀ ಸಂಸ್ಥೆಯಲ್ಲಿ ಹೊರಟವರು ದುಬೈ, ದೋಹಾ, ಫ್ರಾಂಕ್‌ಫರ್ಟ್‌ಗಳಂಥ ಕಡೆ ವಿಮಾನ ಬದಲಿಸಬೇಕು. ನಿಜವಾದ ಪರೀಕ್ಷೆ ಅಲ್ಲಿಯೇ. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಕ್ಕೆ ಕಳುಹಿಸುವ ಹೊಣೆ ಸಂಸ್ಥೆಯದು. ಅಗ್ಗವೆಂದು ಬೇರೆ ಬೇರೆ ಟಿಕೆಟು ಕೊಂಡರೆ ಆ ಹೊಣೆ ಯಾರದೂ ಅಲ್ಲ; ಎರಡನೆಯ ಟಿಕೆಟಿನ ಹಣವೂ ಹೋದೀತು.

ಊಟದ ಮಾತೂ ಅಷ್ಟೇ. ‘ಹಿಂದೂ ಮೀಲ್’ ಎಂದರೆ ಸಸ್ಯಾಹಾರವೆಂದು ನಂಬುವವರುಂಟು. ಅದರಲ್ಲಿ ಕೋಳಿ, ಮೀನು ಇರಬಹುದು. ಸಸ್ಯಾಹಾರಿಗಳು ಕೇಳಬೇಕಾದುದು ‘ಏಷ್ಯನ್ ವೆಜಿಟೇರಿಯನ್’. ಗಾಲಿಕುರ್ಚಿಯನ್ನೂ ಮುಂಚಿತವಾಗಿಯೇ ಹೇಳಿಡಬೇಕು.

ಇಷ್ಟು ಸಾವಿರ ಉಳಿಸಿದೆವೆಂದು ಬೀಗುವ ಮೊದಲು, ಇಂಗ್ಲಿಷ್ ಬಾರದ ಆ ತಾಯಿ ನಡುರಾತ್ರಿ ಗುರುತಿಲ್ಲದ ನಿಲ್ದಾಣದಲ್ಲಿ ಯಾರನ್ನು ಏನೆಂದು ಕೇಳಬೇಕು ಎಂಬುದನ್ನು ಮಕ್ಕಳು ಯೋಚಿಸಲಿ.