ಅರ್ಧ ಪಾಠ ಸಾಲದು

ಅಮೆರಿಕದ ಶಾಲೆಗಳಲ್ಲಿ 'ಎಥ್ನಿಕ್ ಸ್ಟಡೀಸ್' ಬೇಕೋ ಬೇಡವೋ ಅನ್ನೋ ಜಗಳ ವರ್ಷಗಳಿಂದ ನಡೀತಿದೆ. ಕಪ್ಪು ಜನ, ಮೂಲನಿವಾಸಿಗಳು, ಮೆಕ್ಸಿಕೋ ಮೂಲದವರು, ಏಷ್ಯಾದಿಂದ ಬಂದವರು, ಇವರೆಲ್ಲರ ದುಡಿಮೆ, ಅವಮಾನ, ಹೋರಾಟಗಳನ್ನು ಅವರ ಕಡೆಯಿಂದಲೇ ಓದಿಸುವ ಪಾಠ ಅದು. ಕರ್ನಾಟಕದ ಹೊಲಗೇರಿಯಿಂದ ಹೊರಟು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನಗೆ ಇದು ಪರರ ಜಗಳವಲ್ಲ. ನನ್ನ ಮಕ್ಕಳು ಓದೋದು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ.

ಈ ಪಾಠವನ್ನು ಯಾರೂ ದಾನ ಕೊಡಲಿಲ್ಲ. 1968ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳೂ ಇತರ ವರ್ಣೀಯ ವಿದ್ಯಾರ್ಥಿಗಳೂ ಕೂಡಿ ಮುಷ್ಕರ ಹೂಡಿದರು. ಪೊಲೀಸರ ಏಟು ತಿಂದರು, ಜೈಲು ಕಂಡರು, 1969ರ ಮಾರ್ಚಿಯವರೆಗೆ ಪಟ್ಟು ಬಿಡಲಿಲ್ಲ. ಈ ವಿಷಯಕ್ಕೇ ಪ್ರತ್ಯೇಕ ವಿಭಾಗ ಹುಟ್ಟಿದ್ದು ಆಮೇಲೆ.

ಆಳುವವರು ಇದಕ್ಕೆ ಹೆದರುತ್ತಾರೆ. 2010ರಲ್ಲಿ ಅರಿಜೋನಾ ರಾಜ್ಯ, ಒಂದು ಜನಾಂಗದ ಮೇಲೆ ದ್ವೇಷ ಬೆಳೆಸುವ ಪಾಠ ಕೂಡದು ಅಂತ ಕಾನೂನು ತಂದಿತು. 2012ರಲ್ಲಿ ಟೂಸಾನ್ ಊರಿನ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಪಾಠಗಳು ನಿಂತವು. ದಮನಿತರ ಶಿಕ್ಷಣದ ಬಗ್ಗೆ ಬ್ರೆಜಿಲಿನ ಪಾವ್ಲೋ ಫ್ರೇರೆ ಬರೆದ ಪುಸ್ತಕವನ್ನೂ ತರಗತಿಯಿಂದ ಎತ್ತಿ ಪೆಟ್ಟಿಗೆಗೆ ತುಂಬಿದರು. ದ್ವೇಷ ಇದ್ದದ್ದು ಪಾಠದಲ್ಲಲ್ಲ, ಅದನ್ನು ನಿಲ್ಲಿಸಿದವರಲ್ಲಿ ಎಂದು 2017ರಲ್ಲಿ ತೀರ್ಪು ಕೊಟ್ಟವರು ನ್ಯಾಯಾಧೀಶ ವ್ಯಾಲೇಸ್ ತಾಶಿಮಾ. ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಅದೇ ಅರಿಜೋನಾದ ಬಂದೀಶಿಬಿರದಲ್ಲಿ ಬಾಲ್ಯದ ದಿನ ಕಳೆದವರು ಅವರು.

ಇನ್ನು ನಮ್ಮೋರ ಮಾತು ಕೇಳಿ. 'ನಾವು ಮೆರಿಟ್ ಮೇಲೆ ಬಂದೋರು, ಹಳೇ ಗಾಯ ಕೆರೆಯೋ ಪಾಠ ಯಾಕ್ರೀ? ಆ ಹೊತ್ತಲ್ಲಿ ಗಣಿತ ಹೇಳಿಕೊಡಲಿ' ಅಂತಾರೆ. 1946ರ ಕಾನೂನಿನಲ್ಲಿ ಭಾರತೀಯರ ಪಾಲಿಗಿದ್ದದ್ದು ವರ್ಷಕ್ಕೆ 100 ಜನರ ಪ್ರವೇಶ. ಆ ಬಾಗಿಲು ಅಗಲವಾದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನರ ನಾಗರಿಕ ಹಕ್ಕು ಚಳವಳಿ ದೇಶವನ್ನು ಅಲುಗಾಡಿಸಿದ್ದರಿಂದಲೇ ಆ ಕಾನೂನು ಬಂತು. ನಮ್ಮ ಮೆರಿಟ್ ಆಗಲೂ ಇತ್ತಲ್ಲ, ಅದು ಬಾಗಿಲು ತೆಗೀತೇ?

ಪಾಠ ಬೇಕು ಅನ್ನುವ ಭಾರತೀಯರೂ ಇದ್ದಾರೆ. ಅವರು ಕೇಳೋದು ಅರ್ಧ ಪಾಠ. ಭಗತ್ ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ನೀನು ಬಿಳಿಯನಲ್ಲ, ನಿನಗೆ ಪೌರತ್ವ ಇಲ್ಲ ಎಂದಿತು. ಅನ್ಯಾಯ ಹೌದು. ಆದರೆ ಅವರ ವಾದ ಏನಿತ್ತು? ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಅಂತ! ಬಿಳಿಯರ ಕೋರ್ಟಿನಲ್ಲಿ ಜಾತಿಯನ್ನೇ ಯೋಗ್ಯತಾಪತ್ರ ಮಾಡಿಕೊಂಡು ನಿಂತದ್ದನ್ನು ಬಿಟ್ಟು ಈ ಕಥೆ ಹೇಳಿದರೆ, ಅದು ಯಾರ ಚರಿತ್ರೆ?

2005-06ರಲ್ಲಿ ಕ್ಯಾಲಿಫೋರ್ನಿಯಾದ ಆರನೇ ತರಗತಿ ಪುಸ್ತಕಗಳ ಪರಿಷ್ಕರಣೆ ನಡೆದಾಗ ಕೆಲವು ಹಿಂದೂ ಸಂಘಟನೆಗಳು ಜಾತಿಯ ಮಾತನ್ನು ತೆಗೆಸಲು, ಮೆತ್ತಗೆ ಮಾಡಿಸಲು ಓಡಾಡಿದವು. 2016ರಲ್ಲಿ ಮತ್ತೆ ಅದೇ ಜಗಳ. ಎರಡೂ ಸಲ ದಲಿತರು ಎದ್ದು ನಿಂತು ವಿರೋಧಿಸಿದರು. 'ನಮ್ಮ ಮಕ್ಕಳಿಗೆ ತರಗತಿಯಲ್ಲಿ ನಾಚಿಕೆಯಾಗ್ತದೆ' ಅನ್ನೋದು ಆ ಸಂಘಟನೆಗಳ ಅಳಲು. ಅರಿಜೋನಾದ ಬಿಳಿ ರಾಜಕಾರಣಿಯ ವಾದಕ್ಕೂ ಇದಕ್ಕೂ ಏನು ವ್ಯತ್ಯಾಸ? ಯಾವ ಮಗುವನ್ನೂ ಹಂಗಿಸಕೂಡದು, ನಿಜ. ಅದು ಮೇಷ್ಟ್ರು ಪಾಠ ಮಾಡುವ ರೀತಿಗೆ ಸೇರಿದ್ದು. ಆದರೆ ಕೇರಿಯ ಮಗುವಿನ ಅಪ್ಪನ ಬದುಕನ್ನೇ ಪುಸ್ತಕದಿಂದ ಅಳಿಸಿದರೆ ಆ ಮಗುವಿಗೆ ಏನಾಗ್ತದೆ ಅಂತ ಯಾರು ಕೇಳಿದರು?

ಪಠ್ಯಕ್ಕೆ ತಕರಾರು ತೆಗೀಬಾರದು ಅಂತಲ್ಲ. 2019ರ ಕ್ಯಾಲಿಫೋರ್ನಿಯಾ ಕರಡು ಯೆಹೂದಿಗಳಿಗೆ ಅನ್ಯಾಯ ಮಾಡುತ್ತೆ ಎಂಬ ಆಕ್ಷೇಪ ಬಂತು, ಕರಡನ್ನು ತಿದ್ದಿದರು. ತಿದ್ದೋದು ಬೇರೆ, ಅಳಿಸೋದು ಬೇರೆ. 2021ರಲ್ಲಿ ಈ ಪಾಠವನ್ನು ಕಡ್ಡಾಯ ಮಾಡುವ ಕಾನೂನಿಗೂ ಸಹಿ ಬಿತ್ತು. ಹಣ ಒದಗಿಸಿದರೆ ಮಾತ್ರ ಜಾರಿ ಎಂಬ ಷರತ್ತು ಅದಕ್ಕಿತ್ತು, 2025ರ ಬಜೆಟ್ಟಿನಲ್ಲಿ ಆ ಹಣ ಬರಲಿಲ್ಲ. ಹಾಳೆಯ ಮೇಲೆ ಹಕ್ಕು ಕೊಟ್ಟು ಹಣದ ಗಂಟು ಬಿಚ್ಚದಿರುವ ಆಟ ನಮಗೇನು ಹೊಸದೇ?

ಆದ್ದರಿಂದ ವಲಸಿಗ ಗೆಳೆಯರಿಗೆ ನನ್ನ ಮಾತಿಷ್ಟೆ. ಈ ಪಾಠಕ್ಕಾಗಿ ಬೀದಿಗಿಳಿಯಿರಿ, ನಾನೂ ಬರ್ತೀನಿ. ಆದರೆ ನಮಗೆ ಬಿದ್ದ ಏಟಿನ ಪಕ್ಕದಲ್ಲೇ ನಮ್ಮೋರು ಕೊಟ್ಟ ಏಟೂ ಅಚ್ಚಾಗಬೇಕು. ಅದಕ್ಕೆ ಒಪ್ಪದವರು ಕೇಳ್ತಿರೋದು ಚರಿತ್ರೆಯನ್ನಲ್ಲ, ಬಿಳಿಯರ ಪಂಕ್ತಿಯಲ್ಲಿ ತಮಗೊಂದು ಎಲೆಯನ್ನು.