ಸಾಕವ್ವ, ಗುಲಾಬಿ, ಪುಟ್ಟಕ್ಕ: ಉಮಾಶ್ರೀ ನಡೆದ ದಾರಿ

ಉಮಾಶ್ರೀ ಹೆಸರು ಹೇಳಿದರೆ ಸಿನಿಮಾ ನೋಡಿ ಬೆಳೆದವರು ನಗುತ್ತಾರೆ. ನಾಟಕ ನೋಡಿದವರಿಗೆ ಸಾಕವ್ವ ನೆನಪಾಗುತ್ತಾಳೆ. ಒಬ್ಬಳೇ ನಟಿಯನ್ನ ಹೀಗೆ ಎರಡು ಮಾಡಿದವರು ಯಾರು?

ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ.ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಉಮಾಶ್ರೀ ಸಾಕವ್ವನಾದರು. ಕಳೆದುಹೋದ ಹುಂಜಕ್ಕಾಗಿ ಅಲೆಯುವ ಮುದುಕಿ. ಸಾವ್ಕಾರನ ಮನೆಯಿಂದ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿ ಕೂತು ತಿಂದು ಮುಗಿಸುವ ಅವಳ ಸಂಸಾರ. ಅಲ್ಲೂ ನಗು ಉಂಟು. ಆದರೆ ಆ ನಗು ಹಟ್ಟಿಯವರದು, ಸಾವ್ಕಾರನ ಮೇಲೆ, ಪೊಲೀಸರ ಮೇಲೆ.

ಚಿತ್ರರಂಗ ಈ ನಗುವನ್ನ ತಿರುಗಿಸಿಬಿಟ್ಟಿತು. 1984ರಲ್ಲಿ ಕಾಶೀನಾಥರ ‘ಅನುಭವ’ ಬಂತು. ಆಮೇಲೆ ಹಲವು ಚಿತ್ರಗಳಲ್ಲಿ ಅವರಿಗೆ ಸಿಕ್ಕಿದ್ದು ಜೋರು ಬಾಯಿ, ದ್ವಂದ್ವಾರ್ಥದ ಮಾತು. ನಾಯಕಿ ಬೆಳ್ಳಗೆ ತೆಳ್ಳಗೆ ಇರಬೇಕು. ದುಡಿಯುವ ಹೆಂಗಸಿನ ಮೈ, ಗಡಸು ದನಿ ಗೇಲಿಗೆ ಇರಬೇಕು. ಇದು ಬಂಡವಾಳದ ಸೌಂದರ್ಯಶಾಸ್ತ್ರ. ಹೊಟ್ಟೆಪಾಡಿಗೆ ಬಣ್ಣ ಹಚ್ಚುವವರನ್ನ ಇದಕ್ಕೆ ದೂರಿದರೆ ನಾವೂ ಸಾವ್ಕಾರನ ಕಡೆಯವರೇ ಆಗುತ್ತೇವೆ.

2008ರಲ್ಲಿ ಗಿರೀಶ ಕಾಸರವಳ್ಳಿಯವರು ವೈದೇಹಿಯವರ ಕತೆ ಆಧರಿಸಿ ‘ಗುಲಾಬಿ ಟಾಕೀಸು’ ಮಾಡಿದರು. ಕಡಲ ತಡಿಯ ಮುಸ್ಲಿಂ ಸೂಲಗಿತ್ತಿ ಗುಲಾಬಿಯಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಮೈ, ಅದೇ ದನಿ. ‘ಅನುಭವ’ದಿಂದ ಇಲ್ಲಿಗೆ 24 ವರ್ಷ! ಹೆರಿಗೆ ಮಾಡಿಸಿದ್ದಕ್ಕೆ ಗುಲಾಬಿಗೆ ಟೀವಿ ಸಿಗುತ್ತದೆ. ಅದನ್ನ ನೋಡಲು ಅವಳ ಮನೆಗೆ ಬಂದ ಊರೇ ದ್ವೇಷ ಹೊತ್ತಿಕೊಂಡಾಗ ಅವಳನ್ನ ಹೊರಗಿಡುತ್ತದೆ. ಉಮಾಶ್ರೀ ಇಲ್ಲಿ ಅಬ್ಬರಿಸುವುದಿಲ್ಲ. ಟೀವಿ ಮುಂದೆ ಅವಳ ಕಣ್ಣಿಗೆ ಬರುವ ಆಸೆಯೇ ಸಾಕು, ಮುಂದಿನ ಅನ್ಯಾಯ ನಮ್ಮನ್ನ ಚುಚ್ಚಲು.

ಆಮೇಲೆ ಉಮಾಶ್ರೀಯವರೇ ಟೀವಿಯೊಳಗೆ ಬಂದರು. ಡಿಸೆಂಬರ್ 2021ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ, ಗಂಡ ಬಿಟ್ಟ ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಬೆಂಗಳೂರಿನ ಜೆ.ಪಿ.ನಗರದಲ್ಲಿ ರಂಗಶಂಕರವಿದೆ, 2004ರಿಂದ. ಅಲ್ಲಿ ಒಂದು ಸಂಜೆ ಕೂರುವವರು ನೂರಾರು ಜನ. ಪುಟ್ಟಕ್ಕನ ಮುಂದೆ ನಾಡೇ ಕೂತಿತ್ತು. ಮಧ್ಯವಯಸ್ಸಿನ ದುಡಿಯುವ ಹೆಂಗಸು ಕತೆಯ ನಡುಮನೆಗೆ ಬಂದದ್ದು ಸಣ್ಣ ಮಾತಲ್ಲ. ಆದರೆ ಪುಟ್ಟಕ್ಕನ ಸಂಕಟ ಕಣ್ಣೀರಾಗಿ ಹರಿದುಹೋಗುತ್ತದೆ. ಸಾಕವ್ವನ ಹಸಿವು ಹಾಗೆ ಹರಿದುಹೋಗುವುದಿಲ್ಲ, ಪ್ರಶ್ನೆ ಕೇಳುತ್ತದೆ. ಅಂಥ ಹಸಿವಿಗೆ ಧಾರಾವಾಹಿಯಲ್ಲಿ ಜಾಗವಿಲ್ಲ. ನಟಿಗೆ ಶಕ್ತಿ ಇಲ್ಲ ಅಂತಲ್ಲ. ಆ ಪ್ರಶ್ನೆ ಜಾಹೀರಾತುದಾರನಿಗೆ ಬೇಡ.

ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮ ಶಾಲೆ ಅಂಗಳದಲ್ಲಿ ‘ಒಡಲಾಳ’ ಆಡಿಸಿ. ಗಡಸು ದನಿಯವಳು ಅಂತ ಹಿಂದಿನ ಸಾಲಿಗೆ ತಳ್ಳಿದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ಸಾಕವ್ವನ ಪಾತ್ರ ಅವಳಿಗೆ ಕೊಡಿ.